ಮುಂದಿನ ಹಾಯಿಗೊಂದು ಗಳ: ವಿಸ್ಕರ್ ಪೋಲ್ ಅನ್ನು ಬೆಳಗಾವಿಯಲ್ಲೇ ಮಾಡಿಕೊಳ್ಳುವ ಬಗೆ

ಬೆಳಗಾವಿಗೆ ಸಮುದ್ರ ಇಲ್ಲ. ಆದರೆ ಚೋರ್ಲಾ ಘಾಟ್ ಇಳಿದರೆ ಮೂರು ತಾಸಿನಲ್ಲಿ ಗೋವಾದ ನೀರು ಸಿಗುತ್ತದೆ. ನನ್ನ 20 ಅಡಿಯ ಹಾಯಿದೋಣಿ ಅಲ್ಲೇ ಒಂದು ನದಿಯಲ್ಲಿ ನಿಂತಿರುತ್ತದೆ. ದೋಣಿ ಅಲ್ಲಿ, ದೋಣಿಯ ಸಾಮಾನು ಮಾಡುವ ಕೈಗಳು ಇಲ್ಲಿ. ಉದ್ಯಮಬಾಗದಲ್ಲಿ ಲೇಥ್ ಇದೆ, ಎರಕದ ಕೆಲಸ ಇದೆ, ಖಾನಾಪುರದ ಕಡೆ ಬಿದಿರು ಬೆಳೆಯುತ್ತದೆ. ಇಷ್ಟೆಲ್ಲ ಇಟ್ಟುಕೊಂಡು ಒಂದು ಕೋಲಿಗಾಗಿ ಹೊರದೇಶಕ್ಕೆ ದುಡ್ಡು ಕಳಿಸುವುದು ಯಾಕೆ ಅನ್ನಿಸಿತು. ಹಾಗಾಗಿ ನಾನೇ ಮಾಡಿದೆ. ಒಟ್ಟು ಮೂರು. ಮೊದಲನೆಯದು ಬಗ್ಗಿ ಗುಜರಿಗೆ ಹೋಯಿತು. ಎರಡನೆಯದು ಬಿದಿರಿನದು, ಮನೆಯಲ್ಲಿದೆ. ಮೂರನೆಯದು ದೋಣಿಯ ಮೇಲಿದೆ. ಆ ಮೂರರಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಗಳ ಯಾಕೆ ಬೇಕು?

ಗಾಳಿ ಬೆನ್ನ ಹಿಂದಿನಿಂದ ಬರುವಾಗ ದೊಡ್ಡ ಹಾಯಿ ಒಂದು ಪಕ್ಕಕ್ಕೆ ಚಾಚಿಕೊಳ್ಳುತ್ತದೆ. ಮುಂದಿನ ಹಾಯಿ, ಅಂದರೆ ಜಿಬ್, ಅದರ ಮರೆಗೆ ಬೀಳುತ್ತದೆ. ಗಾಳಿ ಸಿಗದೆ ಪಟಪಟ ಹೊಡೆದುಕೊಳ್ಳುತ್ತದೆ. ಇದಕ್ಕೆ ದಾರಿ ಒಂದೇ. ಜಿಬ್ ಅನ್ನು ಇನ್ನೊಂದು ಪಕ್ಕಕ್ಕೆ ತಂದು, ಅದರ ಹಿಂದಿನ ಮೂಲೆಯನ್ನು ಒಂದು ಕೋಲಿನಿಂದ ಹೊರಗೆ ಒತ್ತಿ ಹಿಡಿಯಬೇಕು. ಆಗ ದೋಣಿ ರೆಕ್ಕೆ ಬಿಚ್ಚಿದ ಕೊಕ್ಕರೆಯ ಹಾಗೆ ಕಾಣುತ್ತದೆ. ಆ ಕೋಲೇ ವಿಸ್ಕರ್ ಪೋಲ್. ವಿಸ್ಕರ್ ಅಂದರೆ ಬೆಕ್ಕಿನ ಮೀಸೆ. ನಾನು ಗಳ ಅಂತಲೇ ಕರೆಯುತ್ತೇನೆ.

ಗೋವಾ–ಕಾರವಾರದ ಕಡಲಿನಲ್ಲಿ ಇದು ಶೋಕಿಯ ವಸ್ತು ಅಲ್ಲ. ಡಿಸೆಂಬರ್‌ನಿಂದ ಮೇವರೆಗೆ ಅಲ್ಲಿ ಮಧ್ಯಾಹ್ನವಾದರೆ ವಾಯವ್ಯದ ಗಾಳಿ ಏಳುತ್ತದೆ. ಪಣಜಿಯಿಂದ ಕಾರವಾರಕ್ಕೆ ನೆಟ್ಟಗೆ ಅಳೆದರೆ ಸುಮಾರು 44 ನಾಟಿಕಲ್ ಮೈಲಿ, ಅಂದರೆ 80 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ದಕ್ಷಿಣಕ್ಕೆ ಹೊರಟರೆ ಮಧ್ಯಾಹ್ನದ ಗಾಳಿ ಬಹಳ ಹೊತ್ತು ಬೆನ್ನಿಗೇ ಇರುತ್ತದೆ. ಗಳ ಇಲ್ಲದೆ ಹೋದರೆ ಅಷ್ಟು ದೂರವೂ ಜಿಬ್ ಕಪಾಳಕ್ಕೆ ಹೊಡೆದ ಹಾಗೆ ಸದ್ದು ಮಾಡುತ್ತಿರುತ್ತದೆ. ಒಂದು ಸಲ ಕೇಳಿದವರು ಮರೆಯುವುದಿಲ್ಲ.

ಒಂದು ಗೊಂದಲವನ್ನು ಮೊದಲೇ ಬಿಡಿಸೋಣ. ಸ್ಪಿನ್ನೇಕರ್ ಪೋಲ್ ಬೇರೆ, ವಿಸ್ಕರ್ ಪೋಲ್ ಬೇರೆ. ಸ್ಪಿನ್ನೇಕರ್ ಪೋಲ್ ದೊಡ್ಡ ಬಲೂನ್ ಹಾಯಿಗೆ. ಅದರ ಮೇಲಿನ ಭಾರ ಜಾಸ್ತಿ, ಹಾಗಾಗಿ ದಪ್ಪ ಇರುತ್ತದೆ. ವಿಸ್ಕರ್ ಪೋಲ್ ಜಿಬ್‌ಗೆ ಮಾತ್ರ, ಹಗುರ ಇದ್ದರೆ ಸಾಕು. ಯಾರಾದರೂ ಹಳೆಯ ಸ್ಪಿನ್ನೇಕರ್ ಪೋಲ್ ಕೊಟ್ಟರೆ ಧಾರಾಳವಾಗಿ ತೆಗೆದುಕೊಳ್ಳಿ, ಉದ್ದ ಹೊಂದಿದರೆ ನಡೆಯುತ್ತದೆ. ವಿಸ್ಕರ್ ಪೋಲ್ ಹಾಕಿ ಸ್ಪಿನ್ನೇಕರ್ ಹಾರಿಸಲು ಮಾತ್ರ ಹೋಗಬೇಡಿ.

ಗಳ ಮುರಿಯುವುದು ಹೇಗೆ?

ಕೊಳವೆ ಕೊಳ್ಳುವ ಮೊದಲು ಇದು ತಿಳಿದಿರಬೇಕು. ನನಗೆ ತಿಳಿದಿರಲಿಲ್ಲ. ಮೊದಲ ಗಳಕ್ಕೆ ಪೇಟೆಯ ಒಂದು ಅಂಗಡಿಯಲ್ಲಿ ಹೊಳೆಯುವ ಅಲ್ಯೂಮಿನಿಯಂ ಕೊಳವೆ ತಂದೆ. ಪರದೆ ನೇತು ಹಾಕುವ ರಾಡ್‌ನ ಅಣ್ಣ ಅನ್ನಬಹುದು. ಸಾಧಾರಣ ಗಾಳಿಯ ದಿನ, ಅಲೆಯೂ ದೊಡ್ಡದಿರಲಿಲ್ಲ. ಜಿಬ್ ಮೂಲೆಗೆ ಕಟ್ಟಿದ ಹಗ್ಗವನ್ನು ಸ್ವಲ್ಪ ಹೆಚ್ಚೇ ಎಳೆದೆ. ಗಳ ಹಿಂದಕ್ಕೆ ಸರಿದು ಮಾಸ್ಟ್ ಅನ್ನು, ಅಂದರೆ ಹಾಯಿಕಂಬವನ್ನು, ಪಕ್ಕದಿಂದ ಹಿಡಿದಿರುವ ತಂತಿಗೆ ಒರಗಿತು. ದೋಣಿ ಒಮ್ಮೆ ಹೊರಳಿತು, ಅಷ್ಟೇ. ಗಳ ಬಾಳೆಹಣ್ಣಿನ ಹಾಗೆ ಬಾಗಿತ್ತು.

ಮನೆಗೆ ಬಂದು ಲೆಕ್ಕ ಹಾಕಿದೆ. 38 ಮಿ.ಮೀ. ಹೊರವ್ಯಾಸ, 1.6 ಮಿ.ಮೀ. ದಪ್ಪ, ಎರಡೂವರೆ ಮೀಟರ್ ಉದ್ದದ ಒಳ್ಳೆಯ ಅಲ್ಯೂಮಿನಿಯಂ ಕೊಳವೆ ತೆಗೆದುಕೊಳ್ಳಿ. ತುದಿಯಿಂದ ನೇರವಾಗಿ ಒತ್ತಿದರೆ ಅದು ಸುಮಾರು 330 ಕೆ.ಜಿ. ತನಕ ಬಾಗುವುದಿಲ್ಲ. 15 ನಾಟ್ (ತಾಸಿಗೆ ಸುಮಾರು 28 ಕಿ.ಮೀ.) ಗಾಳಿಯಲ್ಲಿ 6 ಚದರ ಮೀಟರ್ ಜಿಬ್ ಮೇಲೆ ಬೀಳುವ ಒಟ್ಟು ಒತ್ತಡವೇ 25–30 ಕೆ.ಜಿ. ಅಂದರೆ ಹಾಯಿ ಗಳವನ್ನು ಏನೂ ಮಾಡಲಾರದು. ಆದರೆ ಅದೇ ಕೊಳವೆಯ ನಡುವಿಗೆ ಅಡ್ಡ ಒತ್ತಿ ನೋಡಿ. ಗಟ್ಟಿ ಜಾತಿಯದಾದರೂ 60 ಕೆ.ಜಿ. ಆಸುಪಾಸಿನಲ್ಲಿ ಖಾಯಂ ಬಗ್ಗುತ್ತದೆ. ಮೆತ್ತಗಿನ ಜಾತಿಯಾದರೆ ಅದರ ಮೂರನೆಯ ಒಂದು ಪಾಲೂ ಬೇಡ.

ಗಳ ಸಾಯುವುದು ಅಡ್ಡ ಪೆಟ್ಟಿನಿಂದ. ಪಕ್ಕದ ತಂತಿಗೆ ಒರಗಿದರೆ ಅಡ್ಡ ಪೆಟ್ಟು. ದೋಣಿ ಹೊರಳಿ ತುದಿ ನೀರಿಗೆ ಅದ್ದಿದರೆ ಅಡ್ಡ ಪೆಟ್ಟು. ಯಾರಾದರೂ ಕಾಲಿಟ್ಟರೂ ಅಡ್ಡ ಪೆಟ್ಟೇ. ಮುಂದೆ ಹೇಳುವ ಉದ್ದ, ಕಣ್ಣಿ, ಹಗ್ಗಗಳ ಲೆಕ್ಕವೆಲ್ಲ ಈ ಅಡ್ಡ ಪೆಟ್ಟನ್ನು ತಪ್ಪಿಸುವುದಕ್ಕೇ ಇದೆ.

ಮೊದಲು ಟೇಪ್ ಹಿಡಿಯಿರಿ

ದೋಣಿ ಎಷ್ಟು ಅಡಿ ಅನ್ನುವುದರ ಮೇಲೆ ಗಳದ ಉದ್ದ ಹೇಳುವವರಿದ್ದಾರೆ. ನಂಬಬೇಡಿ. ಬೇಕಾದ ಅಳತೆ ಎರಡೇ. ಒಂದು, ಮಾಸ್ಟ್‌ನ ಮುಂಭಾಗದಿಂದ ಜಿಬ್‌ನ ಮುಂದಿನ ತಂತಿ ದೋಣಿಯ ಮೇಲ್ಹಾಸಾದ ಡೆಕ್‌ಗೆ ಸೇರುವ ಜಾಗದವರೆಗೆ. ಇನ್ನೊಂದು, ಜಿಬ್‌ನ ಕೆಳ ಅಂಚಿನ ಉದ್ದ, ಮುಂದಿನ ಮೂಲೆಯಿಂದ ಹಿಂದಿನ ಮೂಲೆಯವರೆಗೆ. ನನ್ನ ದೋಣಿಯಲ್ಲಿ ಮೊದಲನೆಯದು 2.3 ಮೀಟರ್, ಎರಡನೆಯದು 2.5 ಮೀಟರ್.

ಗಳದ ಉದ್ದ ಜಿಬ್‌ನ ಕೆಳ ಅಂಚಿನ ಹತ್ತರಲ್ಲಿ ಒಂಬತ್ತು ಪಾಲಿನಿಂದ ಪೂರ್ತಿ ಉದ್ದದ ನಡುವೆ ಇರಲಿ. ನಾನು 2.4 ಮೀಟರ್ ಇಟ್ಟೆ. ನೆಲದ ಮೇಲೆ ಈ ಮೂರು ಅಳತೆಯ ತ್ರಿಕೋನ ಬರೆದು ನೋಡಿ, ಒಂದು ವಿಷಯ ಗೊತ್ತಾಗುತ್ತದೆ. ಗಳ ದೋಣಿಗೆ ಪೂರ್ತಿ ಅಡ್ಡ ನಿಲ್ಲುವುದಿಲ್ಲ, ಮುಂದಕ್ಕೆ ಓರೆಯಾಗಿ ಚಾಚುತ್ತದೆ. ಹೊಸಬರು ಇದನ್ನು ನೋಡಿ ಏನೋ ತಪ್ಪಾಗಿದೆ ಅಂದುಕೊಂಡು ಹಿಂದಕ್ಕೆ ಎಳೆಯುತ್ತಾರೆ. ಎಳೆದರೆ ಹಾಯಿ ಹಲಗೆಯ ಹಾಗೆ ಬಿಗಿಯಾಗುತ್ತದೆ, ಗಳ ತಂತಿಗೆ ತಾಗುತ್ತದೆ. ನನ್ನ ಬಾಳೆಹಣ್ಣಿನ ಕಥೆ ಅದೇ. ಮಾಸ್ಟ್ ದಾಟಿ ಹಿಂದಕ್ಕೂ ಚಾಚುವ ದೊಡ್ಡ ಮುಂದಿನ ಹಾಯಿ, ಅಂದರೆ ಜೆನೋವಾ, ಇದ್ದವರಿಗೆ ಕೆಳ ಅಂಚು ಉದ್ದ, ಗಳವೂ ಉದ್ದ, ಹಾಗಾಗಿ ಸ್ವಲ್ಪ ಹೆಚ್ಚು ಅಡ್ಡಕ್ಕೆ ಬರುತ್ತದೆ.

ಕಾಗದದ ಲೆಕ್ಕ ಸಾಕಾಗದಿದ್ದರೆ ಹೀಗೆ ಮಾಡಿ. ಗಾಳಿ ತೀರಾ ಕಡಿಮೆ ಇರುವ ಬೆಳಿಗ್ಗೆ, ದೋಣಿ ಕಟ್ಟಿರುವಾಗಲೇ ಜಿಬ್ ಬಿಚ್ಚಿ. ಗೆಳೆಯರೊಬ್ಬರು ಹಿಂದಿನ ಮೂಲೆಗೆ ಒಂದು ಬಿದಿರು ಕಟ್ಟಿ ಹೊರಗೆ ಚಾಚಲಿ. ಹಾಯಿಗೆ ಚೂರು ಹೊಟ್ಟೆ ಬಂದಾಗ ನಿಲ್ಲಿಸಿ. ಮಾಸ್ಟ್‌ನಿಂದ ಆ ಮೂಲೆಗೆ ಟೇಪ್ ಹಿಡಿಯಿರಿ. ಅದೇ ನಿಮ್ಮ ಉದ್ದ. ಆ ಮೂಲೆ ಡೆಕ್‌ನಿಂದ ಎಷ್ಟು ಎತ್ತರದಲ್ಲಿದೆ ಅನ್ನುವುದನ್ನೂ ಬರೆದುಕೊಳ್ಳಿ, ಮಾಸ್ಟ್‌ಗೆ ಗಳ ಸಿಕ್ಕಿಸುವ ಕಣ್ಣಿ ಹಾಕುವಾಗ ಬೇಕಾಗುತ್ತದೆ.

ಉದ್ದ ಇರಲಿ ಅಂತ ಸುಮ್ನೆ ಒಂದು ಮೀಟರ್ ಹೆಚ್ಚು ಇಟ್ಟುಕೊಳ್ಳಬೇಡಿ. ಮೇಲೆ ಹೇಳಿದ ಕೊಳವೆ ಎರಡೂವರೆ ಮೀಟರ್‌ಗೆ 330 ಕೆ.ಜಿ. ತಡೆದರೆ ಮೂರೂವರೆ ಮೀಟರ್‌ಗೆ ತಡೆಯುವುದು 170 ಮಾತ್ರ. ಉದ್ದದ ಜೊತೆ ಬಲ ಅಷ್ಟು ಬೇಗ ಇಳಿಯುತ್ತದೆ. ತುದಿ ನೀರಿಗೆ ಅದ್ದುವುದೂ ಉದ್ದ ಗಳವೇ.

ಕೊಳ್ಳುವುದೋ, ಮಾಡುವುದೋ?

ಫೋರ್‌ಸ್ಪಾರ್, ಸೆಲ್ಡೆನ್‌ನಂಥ ಕಂಪನಿಗಳ ಸಿದ್ಧ ಗಳಗಳು ಚೆನ್ನಾಗಿರುತ್ತವೆ. ಒಳಗೆ ಹಗ್ಗ ಓಡಿಸಿ ಉದ್ದ ಹೆಚ್ಚು–ಕಡಿಮೆ ಮಾಡುವ ಮಾದರಿಗಳೂ ಇವೆ, ಕಾರ್ಬನ್ ಫೈಬರ್‌ನವೂ ಇವೆ. ನಿಮ್ಮ ದೋಣಿ 26–27 ಅಡಿ ದಾಟಿದ್ದರೆ ಕೊಳ್ಳುವ ಯೋಚನೆ ಮಾಡಿ. ಅಲ್ಲಿ ತಪ್ಪಾದರೆ ಬೆರಳು ಹೋಗುತ್ತದೆ. ಅದಕ್ಕಿಂತ ಸಣ್ಣದಿದ್ದರೆ ಒಂದು ನಡುದಾರಿ ಇದೆ. ಉದ್ದದ ಕೊಳವೆಯನ್ನು ಹಡಗಿನಲ್ಲಿ ತರಿಸುವ ಖರ್ಚೇ ಕೊಳವೆಯ ಬೆಲೆಯನ್ನು ಮೀರಬಹುದು. ಗಳದ ತುದಿಗೆ ಕೂರಿಸಿ ಹಾಯಿಯನ್ನೋ ಹಗ್ಗವನ್ನೋ ಹಿಡಿಯುವ ಬಾಯಿಗಳು ಮಾತ್ರ ಸಣ್ಣ ಪಾರ್ಸೆಲ್‌ನಲ್ಲಿ ಬರುತ್ತವೆ. ಬಾಯಿಗಳನ್ನು ತರಿಸಿಕೊಂಡು ಕೊಳವೆ ಇಲ್ಲೇ ಕೊಳ್ಳಿ. ಕೈ ತುರಿಸುತ್ತಿದ್ದರೆ ಬಾಯಿಯನ್ನೂ ಇಲ್ಲೇ ಮಾಡಿಸಬಹುದು. ನಾನು ಹಾಗೇ ಮಾಡಿದೆ.

ಬಿದಿರಿನ ಗಳ

16 ಅಡಿಯ ಒಳಗಿನ ದೋಣಿಗೆ ಬಿದಿರಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ನದಿಯಲ್ಲಿ ಹರಿಗೋಲು ನೂಕಿದವರನ್ನು ಕೇಳಿ ನೋಡಿ, ನೀರಿಗೂ ಬಿದಿರಿಗೂ ಹಳೆಯ ನಂಟು. ನಮಗೆ ಬೇಕಾದದ್ದು ಟೊಳ್ಳು ಕಡಿಮೆ ಇರುವ ಗಟ್ಟಿ ಬಿದಿರು, ಲಾಠಿ ಮಾಡುವ ಜಾತಿ. ಮೇದಾರರ ಅಂಗಡಿಯಲ್ಲಿ ನಾನು ಚಂದದ ಹಸಿರು ಗಳವೊಂದನ್ನು ಆರಿಸಿದ್ದೆ. ಅಂಗಡಿಯ ಕಾಕಾ ಅದನ್ನು ಕಸಿದುಕೊಂಡು ಬದಿಗಿಟ್ಟರು. “ಬಣ್ಣ ನೋಡಬ್ಯಾಡ್ರಿ, ಗೆಣ್ಣು ನೋಡ್ರಿ. ಇದು ಇನ್ನೂ ಕೂಸು ಐತಿ, ಒಣಗಿದ್ರ ಸೀಳತೈತಿ” ಅಂದರು. ಕನಿಷ್ಠ ಮೂರು ವರ್ಷ ಬಲಿತ ಗಳ ಬೇಕು. ಗೆಣ್ಣುಗಳು ಹತ್ತಿರ ಹತ್ತಿರ ಇರಬೇಕು. ಸೂಜಿ ಚುಚ್ಚಿದಂಥ ತೂತು, ಅದರ ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಹುಳ ಹೊಕ್ಕಿದೆ, ಬಿಡಿ.

ಮಾಸ್ಟ್ ಕಡೆಗೆ ದಪ್ಪ ತುದಿ, ಹಾಯಿಯ ಕಡೆಗೆ ಸಣ್ಣ ತುದಿ. ಹೊರಗಿನ ತುದಿ ಹಗುರ ಇದ್ದಷ್ಟು ಕೈಗೆ ಸುಲಭ. ಸುಮಾರು ಒಂದೂಕಾಲರಿಂದ ಒಂದೂವರೆ ಇಂಚು ದಪ್ಪ ಸಾಕು. ನೆರಳಿನಲ್ಲಿ ಅಡ್ಡ ಮಲಗಿಸಿ ಒಂದೂವರೆ–ಎರಡು ತಿಂಗಳು ಒಣಗಿಸಿ. ಬಿಸಿಲಿಗೆ ಇಡಬೇಡಿ. ನಮ್ಮ ವಿಜಯಪುರದ ಕಡೆಯ ಬಿಸಿಲಿಗೆ ಬಿದಿರು ಪಟ್ ಅಂತ ಸೀಳುತ್ತದೆ. ಗೆಣ್ಣನ್ನು ಅರದಿಂದ ಸವರಿ, ಆದರೆ ಹೊರಗಿನ ಹೊಳಪಿನ ಪದರ ಕೆರೆಯಬೇಡಿ. ಬಿದಿರಿನ ಬಲವೆಲ್ಲ ಆ ಪದರದ ಹತ್ತಿರವೇ ಇರುವುದು.

ಒಣಗಿದ ಮೇಲೆ ಅಗಸೆ ಎಣ್ಣೆ ಹಚ್ಚಿ. ಅಗಸಿ ನಮ್ಮ ಕಡೆ ಚಟ್ನಿಪುಡಿಗೆ ಮಾತ್ರ ಅಂದುಕೊಂಡವರಿಗೆ ಹೇಳುತ್ತೇನೆ, ಅದರ ಎಣ್ಣೆ ಗಾಳಿಗೆ ಒಣಗಿ ಪೊರೆ ಕಟ್ಟುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಲಿನ್ಸೀಡ್ ಆಯಿಲ್ ಅಂತ ಕೇಳಿ. ಮೂರು ಕೈ, ಪ್ರತಿ ಕೈಗೂ ನಡುವೆ ಎರಡು ದಿನ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ.

ತುದಿಗಳು ಸೀಳದ ಹಾಗೆ ಬಂದೋಬಸ್ತ್ ಬೇಕು. ಉಳಿಯ ಹಿಡಿಕೆಗೆ ಲೋಹದ ಬಳೆ ಹಾಕುತ್ತಾರಲ್ಲ, ಅದೇ ರೀತಿ. ಸ್ಟೀಲ್ ಪೈಪಿನ ಎರಡು ಇಂಚಿನ ತುಂಡು ಕತ್ತರಿಸಿ ತುದಿಗೆ ತೊಡಿಸಿ ಎಪಾಕ್ಸಿ ಅಂಟು ತುಂಬಿ. ಅದರ ಹಿಂದೆ ಮೂರು ಇಂಚು ನೈಲಾನ್ ದಾರ ಒತ್ತಾಗಿ ಸುತ್ತಿ, ಅದರ ಮೇಲೂ ಎಪಾಕ್ಸಿ ಸವರಿ. ತೂತು ಕೊರೆಯಬೇಕಾದರೆ ಗೆಣ್ಣಿನಲ್ಲೇ ಕೊರೆಯಿರಿ, ಎರಡು ಗೆಣ್ಣಿನ ನಡುವೆ ಕೊರೆದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಅಲ್ಯೂಮಿನಿಯಂ ಗಳ

18ರಿಂದ 22 ಅಡಿಯ ದೋಣಿಗೆ ನಾನು ಹೇಳುವುದು ಇದನ್ನೇ. 38 ಮಿ.ಮೀ. ಹೊರವ್ಯಾಸ, 1.6 ಮಿ.ಮೀ. ದಪ್ಪ. ಮೀಟರಿಗೆ ಅರ್ಧ ಕೆ.ಜಿ. ತೂಗುತ್ತದೆ. ಗಳ ಮೂರು ಮೀಟರ್ ದಾಟುವುದಾದರೆ 50 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪಕ್ಕೆ ಹೋಗಿ. ತೂಕ ಮೀಟರಿಗೆ 800 ಗ್ರಾಂ ಆಗುತ್ತದೆ, ಆದರೆ ಬಿಗಿತ ಹೆಚ್ಚುಕಮ್ಮಿ ಮೂರು ಪಟ್ಟು. ಗೋಡೆ ದಪ್ಪ ಮಾಡುವುದಕ್ಕಿಂತ ವ್ಯಾಸ ಹೆಚ್ಚಿಸುವುದೇ ಲಾಭ.

ಅಂಗಡಿಯಲ್ಲಿ “ಅಲ್ಯೂಮಿನಿಯಂ ಪೈಪ್ ಕೊಡ್ರಿ” ಅಂದರೆ ಕಿಟಕಿ–ಬಾಗಿಲಿನ ಕೊಳವೆ ಕೊಡುತ್ತಾರೆ. 6061 ಟಿ6 ಅಂತ ಕೇಳಿ. ಸಿಗದಿದ್ದರೆ 6063 ಟಿ6. ಈ ಟಿ6 ಅನ್ನುವುದೇ ಮುಖ್ಯ, ಅದು ಕಾಯಿಸಿ ಗಟ್ಟಿ ಮಾಡಿದ್ದರ ಗುರುತು. ಹೇಳಿದ್ದನ್ನು ನಂಬುವುದು ಕಷ್ಟವಾದರೆ ಅಲ್ಲೇ ಪರೀಕ್ಷೆ ಮಾಡಿ. ಕೊಳವೆಯ ಎರಡೂ ತುದಿಯನ್ನು ಇಟ್ಟಿಗೆಯ ಮೇಲಿಟ್ಟು ನಡುವೆ ಎರಡೂ ಕೈಯಿಂದ ಒತ್ತಿ ಬಿಡಿ. ಗಟ್ಟಿಯದಾದರೆ ಮತ್ತೆ ನೆಟ್ಟಗಾಗುತ್ತದೆ. ಮೆತ್ತಗಿನದು ಬಗ್ಗಿದಲ್ಲೇ ಉಳಿಯುತ್ತದೆ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ, ಸಮುದ್ರದ ನಡುವೆ ಗಳ ಬಗ್ಗಿದರೆ ಅವರು ಬರುವುದಿಲ್ಲ ಅಲ್ವಾ?

ಕೊಳವೆಯ ಮೇಲೆ ಗಟ್ಟಿ ಪದರ ಬರಿಸುವ ಆನೋಡೈಜಿಂಗ್ ಮಾಡಿಸಿದರೆ ಉಪ್ಪುನೀರಿಗೆ ಬಾಳಿಕೆ ಬರುತ್ತದೆ, ಕೈಗೆ ಕಪ್ಪು ಹತ್ತುವುದಿಲ್ಲ. ಕಪ್ಪು ಬಣ್ಣ ಮಾಡಿಸಬೇಡಿ, ಮೇ ತಿಂಗಳಲ್ಲಿ ಮುಟ್ಟಲಾಗುವುದಿಲ್ಲ.

ತುದಿಯ ಬಾಯಿ

ಕೆಲಸದ ಹೆಚ್ಚಿನ ಪಾಲು ಇಲ್ಲೇ ಇದೆ. ಕೊಳವೆ ಯಾರು ಬೇಕಾದರೂ ತರಬಹುದು. ಬಾಯಿ ಸರಿಯಿಲ್ಲದಿದ್ದರೆ ಗಳ ಇದ್ದೂ ಇಲ್ಲದ ಹಾಗೆ.

ಹಾಯಿಯ ಕಡೆಗೆ ಎರಡು ಬಗೆ ಇದೆ. ಒಂದು ಮೊಳೆ ಬಗೆ. ತುದಿಯಲ್ಲಿ 6–8 ಮಿ.ಮೀ. ಸ್ಟೀಲ್ ಮೊಳೆ, ಅದು ಹಾಯಿಯ ಮೂಲೆಯ ಉಂಗುರದೊಳಗೆ ಹೋಗುತ್ತದೆ. ಮಾಡುವುದು ಸುಲಭ, ಸಣ್ಣ ದೋಣಿಗೆ ಸಾಕು. ಆದರೆ ಹಾಯಿ ಸಡಿಲಾದ ಕೂಡಲೇ ಮೊಳೆ ಉದುರುತ್ತದೆ. ಗಳ ಇಳಿಸದೆ ಹಾಯಿಯನ್ನು ಸುತ್ತಿಡುವುದಕ್ಕೂ ಆಗುವುದಿಲ್ಲ. ಇನ್ನೊಂದು ಕೊಕ್ಕೆ ಬಾಯಿ. ಇದರಲ್ಲಿ ಹಿಡಿಯುವುದು ಹಾಯಿಯನ್ನಲ್ಲ, ಹಾಯಿಯ ಹಗ್ಗವನ್ನು. ಹಗ್ಗ ಬಾಯಿಯೊಳಗೆ ಓಡಾಡುತ್ತದೆ. ಮೂಲೆಯ ಗಂಟು ಬಾಯಿಗೆ ಬಂದು ತಡೆಯುತ್ತದೆ. ಗಾಳಿ ಜೋರಾದರೆ ಗಳವನ್ನು ಹಾಗೇ ಬಿಟ್ಟು ಹಾಯಿ ಮಾತ್ರ ಸುತ್ತಿಬಿಡಬಹುದು. ಹೆಂಡತಿ–ಮಕ್ಕಳ ಜೊತೆ ನಾಲ್ಕು ದಿನ ಸುತ್ತಾಡುವ ದೋಣಿಗೆ ನಾನು ಕೊಕ್ಕೆ ಬಾಯಿಯನ್ನೇ ಹೇಳುತ್ತೇನೆ.

ನಾನು ಮಾಡಿಸಿದ್ದು ಹೀಗೆ. ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ನ 50 ಮಿ.ಮೀ. ರಾಡ್‌ನ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ತುಂಡು. ಹಿಂದಿನ 60 ಮಿ.ಮೀ. ಭಾಗವನ್ನು ಲೇಥ್‌ನಲ್ಲಿ ಇಳಿಸಿ ಕೊಳವೆಯೊಳಗೆ ಬಿಗಿಯಾಗಿ ಕೂರುವಂತೆ ಮಾಡಬೇಕು. 38 ಮಿ.ಮೀ. ಕೊಳವೆಯ ಒಳವ್ಯಾಸ 34.8, ಹಾಗಾಗಿ ಇದಕ್ಕೆ 34.6 ಇರಲಿ. ಮುಂದಿನ ಭಾಗದಲ್ಲಿ 16 ಮಿ.ಮೀ. ಅಗಲದ ಸೀಳು. ನನ್ನ ಹಗ್ಗ 10 ಮಿ.ಮೀ., ಅದು ಸಿಕ್ಕಿಕೊಳ್ಳದೆ ಓಡಬೇಕು. ಸೀಳಿನ ಅಂಚುಗಳನ್ನೆಲ್ಲ ದುಂಡಗೆ ಸವರಬೇಕು, ಇಲ್ಲದಿದ್ದರೆ ಒಂದೇ ಸೀಸನ್‌ನಲ್ಲಿ ಹಗ್ಗ ನಾರು ನಾರಾಗುತ್ತದೆ. ಸೀಳಿಗೆ ಅಡ್ಡವಾಗಿ 8 ಮಿ.ಮೀ. ಸ್ಟೀಲ್ ಪಿನ್, ಹಿಂದೆ ಸ್ಪ್ರಿಂಗ್. ಪಿನ್‌ಗೆ ಒಂದು ದಾರ ಕಟ್ಟಿ ಗಳದ ಉದ್ದಕ್ಕೂ ತಂದರೆ ಮಾಸ್ಟ್ ಹತ್ತಿರ ನಿಂತೇ ಬಾಯಿ ತೆರೆಯಬಹುದು. ಪಿನ್ ಮತ್ತು ಸ್ಪ್ರಿಂಗ್ 316 ದರ್ಜೆಯ ಸ್ಟೀಲ್ ಇರಲಿ. ಆಯಸ್ಕಾಂತ ಜೋರಾಗಿ ಹಿಡಿದರೆ ಅದು 316 ಅಲ್ಲ.

ಉದ್ಯಮಬಾಗದ ಲೇಥ್‌ನವರಿಗೆ ಚಿತ್ರ ಕೊಟ್ಟಾಗ ತಿರುಗಿಸಿ ತಿರುಗಿಸಿ ನೋಡಿದರು. “ಇದು ಏನ್ರಿ ಸರ್, ಮಂಟಪದ ಕಂಬಕ್ಕೇನ್ರಿ?” ಅಂದರು. ಹಾಯಿದೋಣಿಗೆ ಅಂದೆ. “ಬೆಳಗಾವ್ಯಾಗ ಹಾಯಿ ಎಲ್ಲೈತ್ರಿ?” ಅಂತ ನಕ್ಕರು. ಆದರೆ ಕೆಲಸ ನೂಲು ಹಿಡಿದಂತೆ ಮಾಡಿಕೊಟ್ಟರು. ನಾನು ನೈಲಾನ್ ಹೇಳಿದ್ದೆ, ಡೆಲ್ರಿನ್ ಆಗಲಿ ಅಂದವರೂ ಅವರೇ. ಸರಿಯಾಗಿಯೇ ಹೇಳಿದ್ದರು. ನೈಲಾನ್ ನೀರು ಕುಡಿದು ಉಬ್ಬುತ್ತದೆ, ಪಿನ್ ಸಿಕ್ಕಿಹಾಕಿಕೊಳ್ಳುತ್ತದೆ. ಡೆಲ್ರಿನ್ ಅಷ್ಟು ಉಬ್ಬುವುದಿಲ್ಲ.

ಬಾಯಿಯನ್ನು ಕೊಳವೆಗೆ ನಾಲ್ಕು ರಿವೆಟ್‌ನಿಂದ ಕೂರಿಸಿ. ಎಲ್ಲವೂ ಒಂದೇ ಸುತ್ತಿನಲ್ಲಿ ಬೇಡ, ಎರಡು ಮುಂದೆ, ಎರಡು ಹಿಂದೆ. ಒಂದೇ ಸುತ್ತಿನಲ್ಲಿ ಕೊರೆದರೆ ಅಂಚೆಚೀಟಿ ಹರಿಯುವ ಗೆರೆಯ ಹಾಗೆ ಆಗುತ್ತದೆ. ಸ್ಟೀಲ್ ರಿವೆಟ್ ಹಾಕುವುದಾದರೆ ಅಲ್ಯೂಮಿನಿಯಂಗೆ ನೇರ ತಾಗದ ಹಾಗೆ ಗ್ರೀಸ್ ಅಥವಾ ಸೀಲಂಟ್ ಸವರಿ. ಉಪ್ಪುನೀರು ನಡುವೆ ಬಂದರೆ ಸ್ಟೀಲ್ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ. ಬಿಳಿ ಪುಡಿ ಏಳುವುದು ಅದರ ಗುರುತು.

ಬಾಯಿ ಕೂರಿಸುವ ಮೊದಲು ಕೊಳವೆಯ ಎರಡೂ ತುದಿಗೆ ಗೇಣುದ್ದ ಥರ್ಮಾಕೋಲ್ ತುರುಕಿ ಎಪಾಕ್ಸಿಯಿಂದ ಮುಚ್ಚಿ. 2.4 ಮೀಟರ್ ಕೊಳವೆ ಸುಮಾರು 2.7 ಲೀಟರ್ ನೀರು ಸರಿಸುತ್ತದೆ, ಅದರ ತೂಕ ಒಂದು ಕೆ.ಜಿ. ಇನ್ನೂರು ಗ್ರಾಂ ಮಾತ್ರ. ನೀರು ಒಳಹೋಗದಿದ್ದರೆ ತೇಲುತ್ತದೆ. ಗಳ ಕೈಜಾರುವುದು ಯಾವಾಗಲೋ ಒಮ್ಮೆ ಆಗುವ ಮಾತಲ್ಲ, ಆಗೇ ಆಗುತ್ತದೆ.

ಎಳೆದು ಉದ್ದ ಮಾಡುವ ಗಳವನ್ನು ಮನೆಯಲ್ಲಿ ಮಾಡಬೇಕೆಂಬ ಆಸೆ ಎಲ್ಲರಿಗೂ ಬರುತ್ತದೆ. ಊರುಗೋಲಿನಲ್ಲಿ ಇರುವಂಥ ಒತ್ತುವ ಗುಂಡಿ ಹಾಕಿ ಮಾಡಬಹುದು. ಒಂದರೊಳಗೊಂದು ಕನಿಷ್ಠ ಒಂದು ಅಡಿ ಉಳಿಯಬೇಕು. ಆದರೆ ತೂತುಗಳೆಲ್ಲ ಗಳದ ನಡುವಿಗೇ ಬರುತ್ತವೆ, ಅಡ್ಡ ಪೆಟ್ಟು ಬೀಳುವುದೂ ಅಲ್ಲೇ. ಒಂದೇ ಜಿಬ್ ಇರುವವರಿಗೆ ಈ ತಾಪತ್ರಯ ಬೇಡ.

ಮಾಸ್ಟ್ ಕಣ್ಣಿ ಮತ್ತು ಎರಡು ಹಗ್ಗ

ಮಾಸ್ಟ್‌ನ ಮುಂಭಾಗಕ್ಕೆ ಒಂದು ಸ್ಟೀಲ್ ಕಣ್ಣಿ ಬೇಕು. ಎತ್ತರ ಎಷ್ಟು? ನೀವು ಬರೆದುಕೊಂಡ ಹಾಯಿಮೂಲೆಯ ಎತ್ತರವೇ. ಗಳ ಮಟ್ಟಸವಾಗಿ ನಿಂತರೆ ಹಾಯಿಯ ಒತ್ತಡ ನೇರ ಮಾಸ್ಟ್‌ಗೆ ಹೋಗುತ್ತದೆ. ಗಳದ ಈ ತುದಿಗೂ ಅದೇ ಬಗೆಯ ಪಿನ್ ಬಾಯಿ ಹಾಕಿದರೆ ಗಳವನ್ನು ಯಾವ ಕಡೆಯಿಂದ ಬೇಕಾದರೂ ಬಳಸಬಹುದು.

ಈಗ ಹಗ್ಗ. ಮೇಲಿನ ಹಗ್ಗ ಗಳ ಕೆಳಗೆ ಬೀಳದಂತೆ ಎತ್ತಿ ಹಿಡಿಯುತ್ತದೆ. ಅದು ಮಾಸ್ಟ್‌ನ ಮೇಲಿನ ಒಂದು ರಾಟೆಯಿಂದ ಬರುತ್ತದೆ. ಮುಂದಿನ ಹಗ್ಗ ಗಳದಿಂದ ದೋಣಿಯ ಮೂತಿಯ ಕಡೆಗೆ ಹೋಗುತ್ತದೆ. ಗಳ ಮೇಲಕ್ಕೆ ಜಿಗಿಯದಂತೆ, ಹಿಂದಕ್ಕೆ ಸರಿಯದಂತೆ ಅದು ತಡೆಯುತ್ತದೆ. ಬಹಳ ಜನ ಮುಂದಿನ ಹಗ್ಗ ಹಾಕುವುದೇ ಇಲ್ಲ. ನಾನೂ ಹಾಕಿರಲಿಲ್ಲ. ಅದೊಂದು ಇದ್ದಿದ್ದರೆ ನನ್ನ ಮೊದಲ ಗಳ ತಂತಿಗೆ ಒರಗುತ್ತಲೇ ಇರಲಿಲ್ಲ. 6 ಮಿ.ಮೀ. ಹಗ್ಗ ಸಾಕು. 16 ಅಡಿಯ ದೋಣಿಯಲ್ಲಿ ಇವೆರಡನ್ನೂ ಬಿಟ್ಟರೂ ನಡೆಯುತ್ತದೆ, ಅಲ್ಲಿ ಗಳ ಕೈಗೆ ಸಿಗುವಷ್ಟು ಹತ್ತಿರ ಇರುತ್ತದೆ.

ಮೊದಲ ಸಲ ಹಾಕುವಾಗ

8–10 ನಾಟ್ ಗಾಳಿಯ ದಿನ ಆರಿಸಿಕೊಳ್ಳಿ, ಅಂದರೆ ತಾಸಿಗೆ 15–18 ಕಿ.ಮೀ. ಕಡಲಿಗೆ ಹೋಗುವ ಮೊದಲು ಹಿಡಕಲ್ ಅಥವಾ ಆಲಮಟ್ಟಿಯ ಹಿನ್ನೀರಿನಲ್ಲಿ ಅಭ್ಯಾಸ ಮಾಡೋಣ ಅನ್ನಿಸಬಹುದು. ಅಣೆಕಟ್ಟಿನ ಕಚೇರಿಯ ಅನುಮತಿ ಇಲ್ಲದೆ ಇಳಿಯಬೇಡಿ. ಆಲಮಟ್ಟಿಯ ನೀರಿನ ಕೆಳಗೆ ಊರುಗಳೇ ಮುಳುಗಿವೆ, ಮಟ್ಟ ಇಳಿದಾಗ ಏನು ತಾಗುತ್ತದೋ ಹೇಳಲಾಗದು.

ಗಾಳಿ ಬೆನ್ನಿಗೆ ಬಂದ ಮೇಲೆ ದೊಡ್ಡ ಹಾಯಿಯನ್ನು ಒಂದು ಪಕ್ಕಕ್ಕೆ ಬಿಡಿ. ಅದರ ಕೆಳ ಅಂಚಿನ ಅಡ್ಡಮರವನ್ನು ಮುಂದಕ್ಕೆ ಒಂದು ಹಗ್ಗದಿಂದ ಕಟ್ಟಿಹಾಕಿ. ಇದನ್ನು ಮರೆಯಬೇಡಿ. ಚುಕ್ಕಾಣಿಯವರು ಒಂದು ಕ್ಷಣ ಮೈಮರೆತರೆ ಆ ಅಡ್ಡಮರ ಈ ಕಡೆಗೆ ಬೀಸಿ ಬರುತ್ತದೆ, ನೀವು ಡೆಕ್ ಮೇಲೆ ಗಳ ಹಿಡಿದು ನಿಂತಿರುತ್ತೀರಿ.

ಈಗ ಜಿಬ್‌ನ ಎರಡು ಹಗ್ಗಗಳಲ್ಲಿ ಖಾಲಿ ಇರುವ ಕಡೆಯದನ್ನು, ಅಂದರೆ ದೊಡ್ಡ ಹಾಯಿಗೆ ಎದುರು ಪಕ್ಕದ್ದನ್ನು, ಗಳದ ಬಾಯಿಗೆ ಹಾಕಿ. ಬಾಯಿ ಮೇಲ್ಮುಖವಾಗಿರಲಿ. ಹಾಗಿದ್ದರೆ ಪಿನ್ ಎಳೆದಾಗ ಗಳ ತಾನಾಗಿಯೇ ಕೆಳಗೆ ಕಳಚಿಕೊಳ್ಳುತ್ತದೆ. ಮೇಲಿನ ಹಗ್ಗ, ಮುಂದಿನ ಹಗ್ಗ ಸಿಕ್ಕಿಸಿ. ಗಳವನ್ನು ಹೊರಗೆ ಚಾಚಿ ಮಾಸ್ಟ್ ಕಣ್ಣಿಗೆ ಹಾಕಿ. ಇಷ್ಟು ಹೊತ್ತೂ ಹಾಯಿಯಲ್ಲಿ ಭಾರ ಇರಬಾರದು. ಆಮೇಲೆ ಹಿಂದೆ ಬಂದು ಕೂತು, ನಿಧಾನಕ್ಕೆ ಆ ಹಗ್ಗ ಎಳೆಯಿರಿ. ಹಾಯಿಯ ಮೂಲೆ ಗಳದ ತುದಿಗೆ ಬಂದು ಮುಟ್ಟುತ್ತದೆ, ಹಾಯಿ ಹೊಟ್ಟೆ ಬಿಡುತ್ತದೆ. ಗದ್ದಲ ನಿಂತುಬಿಡುತ್ತದೆ.

ಗಳದ ಹೊರತುದಿಯನ್ನು ಮಟ್ಟಕ್ಕಿಂತ ಒಂದು ಕೈ ಮೇಲೆ ಇಡುವುದು ನನ್ನ ಅಭ್ಯಾಸ, ಹೊರಳಿದಾಗ ನೀರಿಗೆ ದೂರ ಇರಲಿ ಅಂತ. ಗಳಕ್ಕೂ ಪಕ್ಕದ ತಂತಿಗೂ ನಡುವೆ ಕನಿಷ್ಠ ಒಂದು ಗೇಣು ಜಾಗ ಬಿಡಿ. ಅಲೆಗಳ ತಲೆ ಅಲ್ಲಲ್ಲಿ ಬೆಳ್ಳಗಾಗತೊಡಗಿದರೆ ಇಳಿಸುವ ಯೋಚನೆ ಮಾಡಿ. ದೋಣಿ ಎರಡೂ ಪಕ್ಕಕ್ಕೆ ಜೋರಾಗಿ ಹೊರಳತೊಡಗಿದರೆ ಯೋಚನೆ ಸಾಕು, ಇಳಿಸಿಯೇ ಬಿಡಿ.

ಇಳಿಸುವಾಗ ಮೊದಲು ಹಾಯಿ ಸುತ್ತಿ ಅಥವಾ ಹಗ್ಗ ಸಡಿಲಿಸಿ, ಆಮೇಲೆ ಮಾಸ್ಟ್ ಕಣ್ಣಿ ಬಿಡಿಸಿ. ಹಾಯಿ ತುಂಬಿರುವಾಗ ಕಣ್ಣಿ ಬಿಚ್ಚಿದರೆ ಗಳ ಎದೆಗೆ ಗುದ್ದುತ್ತದೆ.

ಸಾಗಿಸುವುದು, ಇಡುವುದು

ಚೋರ್ಲಾ ಘಾಟ್‌ನ ತಿರುವುಗಳಲ್ಲಿ ಗಳ ಕಾರಿನ ಮೇಲಿಂದ ಹೊರಚಾಚಿದ್ದರೆ ಹಿಂದಿನ ತುದಿಗೆ ಕೆಂಪು ಬಟ್ಟೆ ಕಟ್ಟಿ. ದೋಣಿಯಲ್ಲಿ ಡೆಕ್‌ನ ಪಕ್ಕಕ್ಕೆ ಎರಡು ತೊಟ್ಟಿಲಿನಂಥ ಹಿಡಿಕೆ ಮಾಡಿ ಮಲಗಿಸಿ, ಕಾಲಿಗೆ ಸಿಗಬಾರದು. ಪ್ರತಿ ಸಲ ಕಡಲಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ, ಪಿನ್ನನ್ನು ನಾಲ್ಕು ಸಲ ಎಳೆದು ಬಿಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೋಣಿ ದಡದಲ್ಲಿ, ಗಳ ಮನೆಯಲ್ಲಿ. ಗೋಡೆಗೆ ಒರಗಿಸಬೇಡಿ, ಮೂರು ಕಡೆ ಆಸರೆ ಕೊಟ್ಟು ಅಡ್ಡ ಇಡಿ. ಮತ್ತೆ ಮನೆಯವರಿಗೆ ಮೊದಲೇ ಹೇಳಿಡಿ. ನಾನು ಹೇಳಿರಲಿಲ್ಲ. ನನ್ನ ಬಿದಿರಿನ ಗಳವನ್ನು ಪಡಸಾಲೆಯಲ್ಲಿ ಎರಡೇ ಗೂಟದ ಮೇಲೆ ಇಟ್ಟಿದ್ದೆ. ಬೆಳಗಾವಿಯ ಮಳೆಗಾಲದಲ್ಲಿ ಬಟ್ಟೆ ಒಣಗುವುದು ಎಂಥ ಪಾಡು ಅಂತ ಇಲ್ಲಿಯವರಿಗೆ ಗೊತ್ತು. ಅವ್ವ ತೊಳೆದ ಕೌದಿ ತಂದು ಅದರ ನಡುವಿಗೆ ಹರವಿದ್ದಳು, ಒಂದಲ್ಲ, ಎರಡು. ಒದ್ದೆ ಕೌದಿ ಎಷ್ಟು ಭಾರ ಅಂತ ಎತ್ತಿದವರಿಗೇ ಗೊತ್ತು. ಆ ಗಳ ಈಗಲೂ ಎರಡು ಬೆರಳಿನಷ್ಟು ಬಗ್ಗಿಕೊಂಡೇ ಇದೆ. ಕೌದಿ ಒಣಹಾಕಲು ಅದಕ್ಕಿಂತ ಒಳ್ಳೆಯ ಕೋಲು ಇಲ್ಲ ಅನ್ನುತ್ತಾಳೆ.